ಮುತ್ತಮ್ಮಕ್ಕನ ತಂತಿಗಳು

ಉಜ್ಜಿದ ರಬ್ಬರಿಗೆ ಒಂದು ವಾಸನೆ ಇದೆ, ನೀವೂ ಬಲ್ಲಿರಿ. ಮೊನ್ನೆ ಭಾನುವಾರ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಮಗಳು ಚೌಕುಳಿ ಹಾಳೆಯ ಮೇಲೆ ಬಣ್ಣದ ಚುಕ್ಕೆಗಳನ್ನು ಜೋಡಿಸುತ್ತ ಕೂತಿದ್ದಳು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಒಂದು ಗೆರೆ ಇನ್ನೊಂದನ್ನು ದಾಟಬಾರದು. ಅವಳು ನೀರು ಕುಡಿಯಲು ಎದ್ದದ್ದೇ ತಡ, ಪೆನ್ಸಿಲ್ ನನ್ನ ಕೈಯಲ್ಲಿತ್ತು. ಹಳೇ ಚಾಳಿ. ನನ್ನ ಕೆಂಪು ಗೆರೆಗೆ ಅವಳ ಹಸಿರು ಗೆರೆ ಅಡ್ಡ ಬಂತು. ಉಜ್ಜಿ ತೆಗೆದೆ. ಆ ವಾಸನೆ ಮೂಗಿಗೆ ಬಡಿದಾಗ ಮುತ್ತಮ್ಮಕ್ಕ ನೆನಪಾದಳು.

ಮೆಟ್ರೋ ಇನ್ನೂ ನೋಯ್ಡಾ ತಲುಪದಿದ್ದ ಕಾಲ. ಮುನಿರ್ಕಾದಿಂದ ಮುತ್ತಮ್ಮಕ್ಕನೂ ನಾನೂ ಒಂದೇ ಚಾರ್ಟರ್ಡ್ ಬಸ್ಸಿನಲ್ಲಿ ನೋಯ್ಡಾದ ಒಂದೇ ಆಫೀಸಿಗೆ ಹೋಗುತ್ತಿದ್ದೆವು. ಕಂಪ್ಯೂಟರ್ ಚಿಪ್ಪಿನೊಳಗೆ ತಂತಿ ಎಳೆಯುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಉಗುರಿನಷ್ಟು ಜಾಗ, ಲಕ್ಷಗಟ್ಟಲೆ ತಂತಿ, ಒಂದೇ ಪದರದಲ್ಲಿ ಒಂದಕ್ಕೊಂದು ತಾಕುವಂತಿಲ್ಲ. ನನ್ನ ಪ್ರೋಗ್ರಾಂ ನೆಲದ ಮೇಲೆ ಚೆಲ್ಲಿದ ನೀರಿನ ಹಾಗೆ ಒಂದು ತುದಿಯಿಂದ ಎಲ್ಲ ಕಡೆಗೂ ಹರಡಿ ಇನ್ನೊಂದು ತುದಿಯನ್ನು ಹುಡುಕುತ್ತಿತ್ತು. ದಾರಿ ಸಿಗದಿದ್ದರೆ ಮೊದಲೇ ಎಳೆದಿದ್ದ ತಂತಿಯನ್ನು ಕಿತ್ತು ಬೇರೆಡೆ ಎಳೆಯುತ್ತಿತ್ತು. ಈ ಕೀಳುವ ಜಾಣತನದ ಬಗ್ಗೆ ನನಗೆ ಎಲ್ಲಿಲ್ಲದ ಹೆಮ್ಮೆ.

ನಾಜೂಕಾದ ತಂತಿಗಳನ್ನು ಮಾತ್ರ ಮುತ್ತಮ್ಮಕ್ಕ ಕೈಯಾರೆ ಎಳೆಯುತ್ತಿದ್ದಳು. ಮೊದಲು ಹಾಳೆಯ ಮೇಲೆ ಪೆನ್ಸಿಲ್ಲು, ರಬ್ಬರು, ಆಮೇಲೆ ಕಂಪ್ಯೂಟರಿನಲ್ಲಿ. ಎಳೆದದ್ದಕ್ಕೆಲ್ಲ ಲಾಕ್ ಹಾಕುವಳು. ಲಾಕ್ ಇದ್ದದ್ದನ್ನು ಪ್ರೋಗ್ರಾಂ ಮುಟ್ಟಬಾರದು ಎಂಬುದು ನಿಯಮ.

ಆ ವರ್ಷ ಕೊಡಗಿನ ಸುಗ್ಗಿಹಬ್ಬ ಪುತ್ತರಿಗೆ ಅವಳು ಮಡಿಕೇರಿಗೆ ಹೊರಟಿದ್ದಳು. ಗಡಿಯಲ್ಲಿದ್ದ ಸುಬೇದಾರ್ ಅಪ್ಪನಿಗೂ ಅದೇ ಹತ್ತು ದಿನ ರಜೆ ಸಿಕ್ಕಿತ್ತು. ಅಪ್ಪ ಮಗಳು ಮುಖ ನೋಡಿ ಮೂರು ವರ್ಷವಾಗಿತ್ತು. ಸರೋಜಿನಿ ನಗರದಲ್ಲಿ ಅಪ್ಪನಿಗೆ ಸ್ವೆಟರ್ ಕೊಳ್ಳುವಾಗ, "ಭಯ್ಯಾ, ಫೌಜಿ ಕೇ ಲಿಯೇ ಹೈ" ಎಂದು ಸೈನಿಕನ ಹೆಸರು ಹೇಳಿ ಚೌಕಾಸಿಗೆ ನಿಂತವನು ನಾನೇ.

ಹೊರಡಲು ನಾಲ್ಕು ದಿನವಿದ್ದಾಗ ಇಡೀ ಚಿಪ್ಪಿನ ಮೇಲೆ ನನ್ನ ಪ್ರೋಗ್ರಾಂ ಓಡಿಸಿದೆ. ಅವಳ ಒಂಬತ್ತು ದಿನದ ಕೆಲಸವನ್ನು ಅದು ಕಿತ್ತುಹಾಕಿತು. ಹಳೆಯ ಪ್ರತಿ ಇರಲಿಲ್ಲವೇ ಎನ್ನುತ್ತೀರಿ. ಇತ್ತು, ಆ ಒಂಬತ್ತು ದಿನಕ್ಕೂ ಹಿಂದಿನದು.

ಮ್ಯಾನೇಜರ್ ಕರೆದು ಕೇಳಿದರು. ಅವರೆದುರೇ ಮುತ್ತಮ್ಮಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಲಾಕ್ ಹಾಕೋದು ನಾನೇ ಮರೆತಿರ್ಬೇಕು ಮಾರಾಯ, ಊರಿನ ಗುಂಗಲ್ಲಿ" ಎಂದಳು.

ಅವಳು ಮರೆತಿರಲಿಲ್ಲ. ಅರ್ಧ ಗಂಟೆ ಮೊದಲೇ ನಾನು ನೋಡಿದ್ದೆ: ಮೇಲಿನ ಪದರದ ಲಾಕುಗಳನ್ನು ನನ್ನ ಪ್ರೋಗ್ರಾಂ ಓದುತ್ತಲೇ ಇರಲಿಲ್ಲ. ಒಂದು ಸಾಲು ಬರೆಯುವುದು ಬಿಟ್ಟುಹೋಗಿತ್ತು. ಮುಂದಿನ ವಾರ ಅದೇ ಪ್ರೋಗ್ರಾಮನ್ನು ಕಂಪನಿಯ ದೊಡ್ಡವರಿಗೆ ತೋರಿಸುವುದಿತ್ತು.

"ಇರಬಹುದು ಅಕ್ಕಾ" ಎಂದೆ.

ಅವಳು ಮ್ಯಾನೇಜರಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ರಜೆ ರದ್ದಾಯಿತು. ಸ್ವೆಟರ್ ಅಂಚೆಯಲ್ಲಿ ಹೋಯಿತು. ತಂತಿಗಳನ್ನು ಮತ್ತೆ ಎಳೆಯುವಾಗ ಪಕ್ಕದಲ್ಲಿ ಕೂತು ನೆರವಾದೆ, ಎಂಥ ಘನಂದಾರಿ ಕೆಲಸ! "ಇವನೊಬ್ಬ ಜೊತೆಗೆ ಕೂತ" ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದಳು. ಬಿಟ್ಟಿದ್ದ ಸಾಲನ್ನು ನಾನು ಸದ್ದಿಲ್ಲದೆ ಸೇರಿಸಿದೆ. ಯಾರೂ ಕೇಳಲಿಲ್ಲ. ಇಂದಿಗೂ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ. ಪ್ರತಿ ಪುತ್ತರಿಗೂ ಅವಳಿಗೆ ಶುಭಾಶಯ ಕಳಿಸುತ್ತೇನೆ; ಅದರ ಕೆಳಗೆ ಇನ್ನೊಂದು ಸಾಲು ಬರೆದು, ಅಳಿಸಿ.

ಮಗಳು ಬಂದು ಹಾಳೆ ನೋಡಿದಳು. "ಅರೇ, ಗ್ರೀನ್ ಎಲ್ಲಿ ಹೋಯ್ತು? ಮಿಟಾ ದಿಯಾ ಹೋಗಾ, ನಾನೇ ಅಳಿಸಿರ್ಬೇಕು."

ರಬ್ಬರನ್ನು ಅವಳ ಮುಂದಿಟ್ಟೆ. "ಇಲ್ಲ ಪುಟ್ಟಿ, ಅಳಿಸಿದ್ದು ನಾನು."

"ಅಚ್ಛಾ. ಹೇಳ್ಬೇಕಲ್ವಾ ಪಪ್ಪಾ?" ಎಂದವಳೇ ಹಸಿರು ಪೆನ್ಸಿಲ್ ಹಿಡಿದು ಮತ್ತೆ ಎಳೆಯತೊಡಗಿದಳು.

ನಾನು ಫೋನ್ ತೆಗೆದುಕೊಂಡೆ. ಪುತ್ತರಿಗೆ ಇನ್ನೂ ತಿಂಗಳುಗಳಿದ್ದವು. ಬರೆದು, ಈ ಸಲ ಅಳಿಸದೆ ಕಳಿಸಿದೆ: "ಅಕ್ಕಾ, ಅವತ್ತು ನೀನು ಲಾಕ್ ಹಾಕಿದ್ದೆ."