ಕೂತು ತಿನ್ನುವವರಿಗೆ ಮಾತ್ರ

ಒಂದು ತಟ್ಟೆ ಸುಟ್ಟ ಖಂಡಕ್ಕೆ ಮೂರು ರೂಪಾಯಿ. ಆ ಕಾಲಕ್ಕೆ ಕಾನಹೊಸಹಳ್ಳಿಯಿಂದ ಕೂಡ್ಲಿಗಿಯವರೆಗೆ ಬೇರೆ ಎಲ್ಲಿ ಮಾಂಸ ತಿಂದರೂ ಎರಡರಲ್ಲಿ ಮುಗಿಯುತ್ತಿತ್ತು. ನಾನು ಹಳೆ ಗೋಣಿಚೀಲದ ವ್ಯಾಪಾರಿ. ತೂತು ಬಿದ್ದ ಚೀಲ ಕೊಂಡು, ಹೊಲಿಸಿ, ಶೇಂಗಾ ಮಂಡಿಗಳಿಗೆ ಮಾರಿ ಕೊಟ್ಟೂರಿನಲ್ಲಿ ಮನೆ ಕಟ್ಟಿಸಿದವನು. ಯಾರಾದರೂ ಒಂದು ರೂಪಾಯಿ ಹೆಚ್ಚು ಕೇಳಿದರೆ ಯಾಕೆ ಎಂದು ಕೇಳದೆ ಬಿಟ್ಟವನಲ್ಲ.

"ಎರಡು ರೂಪಾಯಿ ಖಂಡದ್ದು ಸಾವ್ಕಾರ್ರ, ಒಂದು ರೂಪಾಯಿ ಬೆಂಚಿಂದು," ಎಂದ ಹೋಟ್ಲಿನ ದುರುಗಪ್ಪ.

"ನಾ ಬೆಂಚಿನ ಮ್ಯಾಲೆ ಕುಂದ್ರೋದಿಲ್ಲಲ್ಲ. ಎರಡಕ್ಕ ಕೊಡು, ಕಟ್ಟಿಸ್ಕೊಂಡು ಹೋಗ್ತೀನಿ."

"ಕುಂದ್ರದವರಿಗೆ ಖಂಡ ಇಲ್ರಿ."

"ಐದು ಕೊಡ್ತೀನಿ. ಕಟ್ಟು."

"ಐದು ಕೊಟ್ರ ಎರಡು ರೂಪಾಯಿ ಹೊಳ್ಳಿ ಕೊಡ್ತೀನ್ರಿ. ಕುಂದ್ರಬೇಕು."

ಈ ಮಾತುಕತೆ ನಡೆದದ್ದು ಹೋಟ್ಲಿನ ಹಿಂದಿನ ಗೋಡೆಯ ಹತ್ತಿರ. ನಾನು ಮುಂದಿನಿಂದ ಹೋಗಿರಲಿಲ್ಲ. ದುರುಗಪ್ಪ ಊರ ಹೊರಗಿನ ಕೇರಿಯವನು. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದು ನಡೆಯುತ್ತಿತ್ತು, ಅವರ ಕೈಯಿಂದ ತಿನ್ನುವುದು ನಡೆಯುತ್ತಿರಲಿಲ್ಲ. ಆದರೆ ಆ ವಾಸನೆ ಜಾತಿ ಕೇಳಿ ಮೂಗಿಗೆ ಬರುತ್ತಿತ್ತೇ? ಊರಿನ ಹಲವರು ನನ್ನ ಹಾಗೆಯೇ ಮುತ್ತುಗದ ಎಲೆ ಹಿಡಿದುಕೊಂಡು ಹಿಂದಿನ ಗೋಡೆಗೆ ಬಂದು, ಬರಿಗೈಯಲ್ಲಿ ಹೋಗಿದ್ದರು.

ಹೆದ್ದಾರಿ ಕಲ್ಲುಗುಡ್ಡವನ್ನು ಬಳಸಿ ತಿರುಗುವ ಕಡೆ, ಗುಡ್ಡದ ಬುಡಕ್ಕೆ ಆತುಕೊಂಡಿತ್ತು ಅವನ ಹೋಟ್ಲು. ತಗಡಿನ ಮಾಡು, ಉದ್ದಕ್ಕೆ ಸೀಳಿದ ಎಣ್ಣೆ ಡ್ರಮ್ಮಿನಲ್ಲಿ ಹುಣಸೆ ಕಟ್ಟಿಗೆಯ ಕೆಂಡ, ಅದರ ಮೇಲೆ ಸಾಲಾಗಿ ಕಬ್ಬಿಣದ ಕಡ್ಡಿಗಳು. ಹರೆಯದಲ್ಲಿ ಲಾರಿ ಕ್ಲೀನರ್ ಆಗಿ ಹೈದರಾಬಾದಿನ ತನಕ ಅಲೆದವನು, ಕಡ್ಡಿಗೆ ಖಂಡ ಪೋಣಿಸಿ ಸುಡುವುದನ್ನು ಅಲ್ಲಿ ಕಲಿತು ಬಂದಿದ್ದ. ಖಾರ ಮಾತ್ರ ನಮ್ಮ ಕಡೆಯದು: ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹುಳಿ, ಮೇಲೆ ಒಂದು ಕೈ ಶೇಂಗಾ ಎಣ್ಣೆ. ಅವನ ಹೆಂಡತಿ ಹನುಮವ್ವ ಪಕ್ಕದ ಒಲೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಾದ ಕಡ್ಡಿಗಳನ್ನು ದುರುಗಪ್ಪ ಬರಿ ಬೆರಳಿನಿಂದಲೇ ತಿರುಗಿಸುತ್ತಿದ್ದ. ಬೆರಳ ತುದಿ ದಡ್ಡುಗಟ್ಟಿ ಎಮ್ಮೆಯ ಕೊಂಬಿನ ಹಾಗಾಗಿತ್ತು.

ಮತ್ತೆ ಆ ಬೆಂಚು. ಎಂಟು ಜನ ಹಿಡಿಯುವ ಬೇವಿನ ಹಲಗೆ, ರಸ್ತೆಗೆ ಮುಖಮಾಡಿ ಇತ್ತು. ಒಳಗೆ ಎಳೆದುಕೊಂಡು ಕೂತಾರೆಂದು ಅದರ ಕಾಲುಗಳನ್ನು ಮೊಣಕಾಲುದ್ದ ನೆಲದಲ್ಲಿ ಹೂತಿದ್ದ. ದಿನಕ್ಕೆ ಎರಡು ಸಲ ನೀರು ಹಾಕಿ ತಾನೇ ತೊಳೆಯುತ್ತಿದ್ದ. ಆ ಕೆಲಸವನ್ನು ಹೆಂಡತಿಗೂ ಬಿಡುತ್ತಿರಲಿಲ್ಲ.

ಲಾರಿಯವರು ಯೋಚನೆಯಿಲ್ಲದೆ ಬಂದು ಕೂತು ತಿನ್ನುತ್ತಿದ್ದರು. "ಅವರ ವ್ಯಾಪಾರನ ಸಾಕಲ್ಲೋ ನಿನಗ? ಊರೋರಿಗೆ ಕಟ್ಟಿಕೊಟ್ರ ಅದು ಮ್ಯಾಲಿನ ಲಾಭ," ಎಂದು ನಾನು ಬುದ್ಧಿ ಹೇಳಿದೆ. ಬುದ್ಧಿ ಹೇಳುವುದು ನನಗೆ ಮೊದಲಿನಿಂದ ಬಂದ ರೋಗ.

ಅವನು ಕಡ್ಡಿ ತಿರುಗಿಸುತ್ತಲೇ ಹೇಳಿದ: "ಲಾರಿಯೋರು ನಾಳೆ ಇನ್ನೊಂದು ಊರಾಗ ಇರ್ತಾರ. ನಾ ಈ ಊರಾಗ ಇರಬೇಕಲ್ರಿ. ಈ ಊರೋರು ನನ್ನ ಬೆಂಚಿನ ಮ್ಯಾಲೆ ಕುಂದ್ರೋದನ್ನ ನಾ ನೋಡಬೇಕು. ಅದಕ್ಕ ಹೋಟ್ಲು ಹಾಕೀನಿ. ಬರೀ ಹೊಟ್ಟಿಗಾದ್ರ ಲಾರಿನ ತೊಳೀತಿದ್ದೆ."

ಎರಡು ವಾರ ತಡೆದೆ. ಮೂರನೇ ವಾರ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ತಲೆಯಿಂದ ಗಲ್ಲದವರೆಗೆ ಟವೆಲ್ ಸುತ್ತಿಕೊಂಡಿದ್ದೆ. ತಟ್ಟೆ ಇಡುತ್ತಾ ದುರುಗಪ್ಪ, "ಟವೆಲ್ ಬಿಚ್ಚಿ ತಿನ್ರಿ ಸಾವ್ಕಾರ್ರ. ತುತ್ತು ಬಾಯಿ ಹುಡುಕ್ಯಾಡಾಕ ಹತ್ತೈತಿ," ಎಂದ. ಪಕ್ಕದ ಡ್ರೈವರ್ ನಕ್ಕ. ನಾನು ಬಿಚ್ಚಲಿಲ್ಲ. ಆದರೆ ಖಂಡದ ಅಂಚು ಕರಿಕಾಗಿ, ಒಳಗೆ ರಸ ಇನ್ನೂ ಹಾಗೇ ಇತ್ತು. ರೊಟ್ಟಿ ಮುರಿದು ಅದ್ದಿಕೊಂಡು, ಹಸಿ ಉಳ್ಳಾಗಡ್ಡಿ ಕಡಿದು ತಿಂದೆ. ಮೂರನೇ ರೂಪಾಯಿ ನೆನಪಿಗೇ ಬರಲಿಲ್ಲ.

ಹೀಗಿರುವಾಗ ಆ ಸೀಮೆಯ ದೊಡ್ಡ ಜಮೀನುದಾರರೊಬ್ಬರ ಮನೆಗೆ ಬೀಗರು ಬರುವವರಿದ್ದರು. ಜಮೀನುದಾರರು ನನ್ನ ಚೀಲದ ಗಿರಾಕಿ. "ಆ ದುರುಗ್ಯಾನ ಖಂಡ ಬೇಕಂತ ನಮ್ಮ ಬೀಗರಿಗೆ. ಮನಿಗೆ ತರಿಸು. ರೊಕ್ಕ ಅವನು ಕೇಳಿದಷ್ಟು," ಎಂದರು. ನಾನು ಒಪ್ಪಿಕೊಂಡುಬಿಟ್ಟೆ. ನನ್ನಿಂದ ಆಗದ ಚೌಕಾಶಿ ಇದೆ ಎಂದು ನಾನು ಆಗ ನಂಬಿರಲಿಲ್ಲ.

ದುರುಗಪ್ಪ ಕೇಳಿಸಿಕೊಂಡು, "ಬೀಗರನ್ನ ಇಲ್ಲಿಗೇ ಕರ್ಕೊಂಡು ಬರ್ರಿ. ಬೆಂಚು ಇನ್ನೊಂದ್ಸಲ ತೊಳೀತೀನಿ," ಎಂದ. ಹನುಮವ್ವನಿಗೆ ತಡೆಯಲಾಗಲಿಲ್ಲ. "ದೊಡ್ಡೋರ ಕೂಡ ಯಾಕ ನಿನ್ನ ಹಟ? ಒಂದ್ ಸಲ ಕಟ್ಟಿಕೊಟ್ರ ನಿನ್ನ ಗಂಟೇನು ಹೋಗ್ತತಿ?" ಎಂದಳು.

"ಒಂದ್ ಸಲ ಕಟ್ಟಿದ್ರ ನಾಳೆ ಆ ಬೆಂಚಿನ ಮ್ಯಾಲೆ ಯಾರು ಕುಂದರ್ತಾರ ಹೇಳು? ನೀನ, ನಾನ. ಎದುರುಬದುರು ಮಾರಿ ನೋಡ್ಕೊಂತ."

ನಾನು ಇನ್ನೊಂದು ದಾರಿ ಹುಡುಕಿದೆ. ಇಂದಿಗೂ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ನಾಲ್ಕು ಜನ ಹಮಾಲರನ್ನು ಬೆಂಚಿನ ಮೇಲೆ ಕೂರಿಸಿದೆ. ಅವರ ಕಾಲಬಳಿ ಒಂದು ಗೋಣಿಚೀಲ, ಚೀಲದೊಳಗೆ ಅಗಲ ಬಾಯಿಯ ಡಬರಿ. ತಟ್ಟೆಯ ಮೇಲೆ ತಟ್ಟೆ ತರಿಸಿ, ಅವನು ಕೆಂಡದ ಕಡೆ ತಿರುಗಿದಾಗಲೆಲ್ಲ ಡಬರಿಗೆ ಸುರಿಯಬೇಕು. ಕೂತವರಿಗೇ ತಾನೇ ಖಂಡ? ಕೂತಿದ್ದಾರಲ್ಲ. ನಾನು ಹುಣಸೆಮರದ ಕೆಳಗೆ ಬೀಡಿ ಸೇದುತ್ತಾ ನೋಡುತ್ತಿದ್ದೆ.

ಹನ್ನೆರಡನೇ ತಟ್ಟೆಗೆ ದುರುಗಪ್ಪ ಅವರ ಮುಂದೆ ನಿಂತ. "ಹನ್ನೆರಡು ತಟ್ಟಿ ಆತು, ಒಬ್ಬನ ತುಟಿಗೂ ಎಣ್ಣಿ ಹತ್ತಿಲ್ಲಲ್ಲೋ," ಎಂದವನೇ ಬಗ್ಗಿ ಚೀಲ ಬಿಚ್ಚಿದ. ಬೈಯಲಿಲ್ಲ. ಡಬರಿಯನ್ನು ಎತ್ತಿ ಬೆಂಚಿನ ಮೇಲಿಟ್ಟು ಹೇಳಿದ: "ತಿನ್ರಪ್ಪ. ಸಾವ್ಕಾರ್ರು ನಿಮಗ ಊಟ ಹಾಕ್ಸ್ಯಾರ. ಹನುಮಿ, ರೊಟ್ಟಿ ತಾ." ಹಮಾಲರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನೋಡಲಿಲ್ಲ. ಹನ್ನೆರಡು ತಟ್ಟೆಯನ್ನೂ ಬಳಿದು ತಿಂದರು.

ನನ್ನ ಹತ್ತಿರ ಬಂದು ದುರುಗಪ್ಪ ಹೇಳಿದ: "ಚೀಲದ ವ್ಯಾಪಾರ ಮಾಡೋರಿಗೆ ತೂತು ಎಲ್ಲಿರ್ತತಿ ಅಂತ ಲಗೂನ ಗೊತ್ತಾಗ್ತತಿ. ಇವತ್ತ ಈ ತೂತನ್ನೂ ಹೊಲದೀನ್ರಿ. ಮೊದಲಿನ ತಟ್ಟಿ ಖಾಲಿ ಆಗೋತನಕ ಎರಡನೇದು ಇಲ್ಲ."

ಜಮೀನುದಾರರಿಗೆ ಬೀಗರ ಮುಂದೆ ಅವಮಾನವಾಯಿತು. ಒಂದು ವಾರದೊಳಗೆ ಸುತ್ತಲ ಹಳ್ಳಿಗಳ ಕುರಿಯವರು ಯಾರೂ ದುರುಗಪ್ಪನಿಗೆ ಕುರಿ ಕೊಡದ ಹಾಗಾಯಿತು. ಯಾರು ಹೇಳಿದರು ಎಂದು ಯಾರೂ ಹೇಳುತ್ತಿರಲಿಲ್ಲ. ಕೆಂಡ ಆರಿದರೆ ಬೆಂಚೂ ಹೋಗುತ್ತದೆ, ಅಷ್ಟು ಸರಳ ಲೆಕ್ಕ ಅದು. ದುರುಗಪ್ಪ ಹರಪನಹಳ್ಳಿ, ಹಡಗಲಿ ಕಡೆಯ ಸಂತೆಗಳಿಗೆ ಹೋಗತೊಡಗಿದ. ಒಂದು ಟಗರು ಕೊಂಡು ಬಸ್ಸಿಗೆ ಹತ್ತಿಸಿಕೊಂಡು ಬರುತ್ತಿದ್ದ. ಕಂಡಕ್ಟರ್ ಟಗರಿಗೂ ಟಿಕೀಟು ತೆಗೆಸಿದಾಗ, "ಟಿಕೀಟು ತಗಸೀರಲ್ರಿ, ಅದಕ್ಕೂ ಸೀಟು ಕೊಡ್ರಿ," ಎಂದು ವಾದ ಹಾಕಿ ಇಡೀ ಬಸ್ಸನ್ನು ನಗಿಸಿದನಂತೆ. ಟಗರು ಸಿಗದ ದಿನ ಬದನೆಕಾಯಿ ಸುಟ್ಟು, ಉಪ್ಪು ಖಾರ ಹಚ್ಚಿ ರೊಟ್ಟಿಯ ಜೊತೆ ಕೊಡುತ್ತಿದ್ದ. ಹೋಟ್ಲು ಒಂದು ದಿನವೂ ಮುಚ್ಚಲಿಲ್ಲ. ಆದರೆ ಹನುಮವ್ವನ ಕಿವಿಯ ಬೆಂಡೋಲೆ ಹೋದದ್ದನ್ನು ನಾನು ನೋಡಿದೆ.

ಈ ಕಷ್ಟಕ್ಕೆ ಅರ್ಧ ಕಾರಣ ನನ್ನ ಡಬರಿ. ಹೋಗಿ ಕೇಳಿದೆ: "ನನ್ನಿಂದ ಏನಾಗಬೇಕು ಹೇಳು. ಕುರಿ ಕೊಡಿಸ್ಲಾ?"

"ಕುರಿ ನಾ ತರ್ತೀನಿ. ನೀವು ಬಂದು ಕುಂದರ್ರಿ."

"ಕುಂತೀನಲ್ಲ ಮೊದ್ಲ."

"ಟವೆಲ್ ಕುಂತಿತ್ತು. ನೀವು ಕುಂದರ್ರಿ. ಸಂತಿ ದಿನ, ನಡು ಮಧ್ಯಾಹ್ನ."

ಕೂತೆ. ಬರಿದಲೆಯಲ್ಲಿ, ಬೆಂಚಿನ ನಡುವೆ. ಸಂತೆಗೆ ಹೊರಟ ಗಾಡಿಗಳು ಹಾದವು, ಬಸ್ಸುಗಳು ಹಾದವು, ಕಿಟಕಿಗಳಿಂದ ಗುರುತಿನ ಮುಖಗಳು ಇಣುಕಿದವು. ಜಮೀನುದಾರರ ಮನೆಯ ಕಾರಕೂನ ಸೈಕಲ್ ನಿಲ್ಲಿಸಿ ನೋಡಿಕೊಂಡು ಹೋದ. ಆ ಮನೆಯ ಚೀಲದ ವ್ಯಾಪಾರ ಅಂದಿಗೆ ಮುಗಿಯಿತು. ನಾನು ಎದ್ದು ಓಡಲಿಲ್ಲ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ದುರುಗಪ್ಪ ಕೆಂಡದ ಹಿಂದಿನಿಂದ ನನ್ನನ್ನೇ ನೋಡುತ್ತಾ ನಿಂತಿದ್ದ, ಓಡುವುದು ಹೇಗೆ?

ಮುಂದಿನ ಸಂತೆಗೆ ಒಬ್ಬ ದರ್ಜಿ ಬಂದು ಕೂತ. ಆಮೇಲೆ ಪಂಪ್‌ಸೆಟ್ ರಿಪೇರಿಯವನು, ಆಮೇಲೆ ಒಬ್ಬ ಮಾಸ್ತರರು. ಕುರಿಯವರೂ ತಿನ್ನುವವರೇ ತಾನೇ, ಅವರಲ್ಲೊಬ್ಬ ಮೊದಲು ಖಂಡ ತಿಂದು, ಮರುವಾರ ಕುರಿ ತಂದುಕೊಟ್ಟ. ಎರಡು ವರ್ಷದಲ್ಲಿ ಬೆಂಚಿನ ಮೇಲೆ ಜಾಗಕ್ಕಾಗಿ ಕಾಯಬೇಕಾಯಿತು. ಆಗಲೂ ಅವನು ಯಾರಿಗೂ ಕಟ್ಟಿಕೊಡಲಿಲ್ಲ.

ಎಂಬತ್ತರ ದಶಕದ ನಡುವೆ ಕೊಟ್ಟೂರಿನಲ್ಲಿ ನನ್ನ ಮಗಳ ಮದುವೆಯಾಯಿತು. ದುರುಗಪ್ಪನಿಗೆ ನಾನೇ ಕಾರ್ಡು ಕೊಟ್ಟು ಬಂದಿದ್ದೆ. ಕೊಡುವಾಗ ಕೈ ಮುಂದೆ ಹೋಗಿತ್ತು, ಅವನನ್ನು ಎಲ್ಲಿ ಕೂರಿಸುವುದೆಂಬ ಯೋಚನೆ ಹೋಗಿರಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹೊಸ ಹಿತ್ತಾಳೆ ತಂಬಿಗೆ. ನನ್ನ ಅಣ್ಣ ಓಡಿ ಬಂದು ನನ್ನ ರಟ್ಟೆ ಹಿಡಿದ. "ಅವನ್ನ ಎಲ್ಲಿ ಕುಂದ್ರಸ್ತೀಲೇ? ಬೀಗರು ಎದ್ದು ಹೋಗ್ತಾರ. ಬುತ್ತಿ ಕಟ್ಟಿಸಿ ಕೊಟ್ಟು ಕಳಿಸು."

ನಾನು ಹೋಗಿ ದುರುಗಪ್ಪನ ಮುಂದೆ ನಿಂತು ಹೇಳಿಯೂಬಿಟ್ಟೆ: "ಸಾಲು ತುಂಬ್ಯಾವ ದುರುಗಪ್ಪ. ನಿನಗ ದೂರ ಬೇರೆ ಹೋಗೋದೈತಿ. ಕಟ್ಟಿಸಿ ಕೊಡ್ಲೇನು?"

ಅವನು ತಂಬಿಗೆಯನ್ನು ನನ್ನ ಕೈಗಿಟ್ಟ. "ನನಗ ಅವಸರ ಇಲ್ರಿ. ಮುಂದಿನ ಸಾಲಿಗೆ ಕುಂದರ್ತೀನಿ."

ಚಪ್ಪರದ ಕಂಬದ ಪಕ್ಕ ನಿಂತ. ಆ ಸಾಲು ಎದ್ದಿತು, ಎರಡನೆಯದು ಕೂತಿತು. ನಾನು ಅಡುಗೆಯ ಕಡೆ ಕೆಲಸವಿದ್ದವನಂತೆ ಓಡಾಡಿದೆ. ಎರಡನೆಯದೂ ಎದ್ದಿತು. ಬಾಗಿಲಿನಿಂದ ನೋಡಿದರೆ ದುರುಗಪ್ಪ ಅಲ್ಲೇ ಇದ್ದ, ಕೈ ಬೆನ್ನಿಗೆ ಕಟ್ಟಿಕೊಂಡು. ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಗರು ಬಕೇಟು ಹಿಡಿದು ಬಡಿಸುವುದನ್ನು ಹೋಟ್ಲಿನವನ ಕಣ್ಣಿನಿಂದ ನೋಡುತ್ತಿದ್ದ. ಸಂಜೆಯವರೆಗೂ ಈ ಮನುಷ್ಯ ನಿಲ್ಲುತ್ತಾನೆ, ಆದರೆ ಹೋಗುವುದಿಲ್ಲ ಎಂದು ನನಗೆ ತಿಳಿಯಿತು. ಇವನನ್ನು ಎದುರಿಸುವುದಕ್ಕಿಂತ ಬೀಗರನ್ನು ಎದುರಿಸುವುದು ಸುಲಭ ಎಂದೂ ತಿಳಿಯಿತು.

ಹೋಗಿ ಅವನ ಕೈ ಹಿಡಿದೆ. "ಬರ್ರಿ ದುರುಗಪ್ಪ." ಸಾಲಿನ ನಡುವೆ ಕೂರಿಸಿ, ಪಕ್ಕದಲ್ಲಿ ನಾನು ಕೂತೆ. ಗಂಡಿನ ಕಡೆಯ ಇಬ್ಬರು ಎಲೆ ಬಿಟ್ಟು ಎದ್ದರು. ಅಣ್ಣ ಮುಖ ತಿರುಗಿಸಿದ. ಉಳಿದವರು ಕೂತೇ ಇದ್ದರು. ಅನ್ನ ಬಿಸಿಯಿತ್ತು.

ದುರುಗಪ್ಪ ನಿಧಾನವಾಗಿ ಉಂಡ. ನಡುವೆ ನನ್ನ ಕಡೆ ಬಾಗಿ ಹೇಳಿದ: "ಸಾರಿಗೆ ಉಪ್ಪು ಕಮ್ಮಿ ಆಗೈತ್ರಿ. ಅಡಿಗಿಯೋರಿಗೆ ಹೇಳಿ ಕಳಿಸ್ರಿ, ಮುಂದಿನ ಸಾಲಿಗೆ ಸರಿಹೋಗ್ತತಿ."

ನಾನು ಅವನನ್ನು ನೋಡಿದ್ದು ಅದೇ ಕೊನೆ. ನಾಲ್ಕು ತಿಂಗಳಿಗೆ, ಮಧ್ಯಾಹ್ನದ ಗಿರಾಕಿ ಮುಗಿಸಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಹನುಮವ್ವ ಸ್ವಲ್ಪ ಕಾಲ ನಡೆಸಿ, ಮಗಳ ಊರು ತೆಲಿಗಿಗೆ ಹೋದಳು. ಹೋಟ್ಲಿನ ಜಾಗದಲ್ಲೀಗ ಟೈರಿನ ಅಂಗಡಿಯಿದೆ.

ವ್ಯಾಪಾರ ಮಾಡುವವರಿಗೆ ನಾನು ಕೊಡುವ ಬುದ್ಧಿ ಇಷ್ಟು. ಎದುರಿನವನು ಹೆಚ್ಚಿನ ದುಡ್ಡು ಬೇಡ ಎಂದರೆ ಇನ್ನೂ ಏರಿಸುತ್ತಾ ಹೋಗಬೇಡಿ, ಅವನು ಕೇಳುತ್ತಿರುವುದು ಬೇರೆ. ಅದೇನೆಂದು ತಿಳಿದ ದಿನವೇ ಕೊಟ್ಟುಬಿಡಿ. ಇನ್ನು ಮನೆಯಲ್ಲಿ ಮದುವೆಯಿದ್ದರೆ, ಕಾರ್ಡು ಹಂಚುವ ಮೊದಲೇ ಯಾರನ್ನು ಎಲ್ಲಿ ಕೂರಿಸಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನನ್ನ ಹಾಗೆ ಎರಡು ಸಾಲು ತಡ ಮಾಡಬೇಡಿ. ಮೊದಲನೇ ಸಾಲಿಗೇ ಕರೆಯಿರಿ, ಪಕ್ಕದಲ್ಲಿ ನೀವೂ ಕೂತುಬಿಡಿ. ಬಡಿಸುವುದಕ್ಕೆ ಬೇರೆ ಯಾರಾದರೂ ಸಿಗುತ್ತಾರೆ.