ಪೆನ್‌ಡ್ರೈವಿನಲ್ಲಿ ಹುಟ್ಟಿದ ಅಜ್ಜ

ಮಸ್ಕಿ ಬಸ್ ನಿಲ್ದಾಣದ ಎದುರಿನ ಸಂದಿಯಲ್ಲಿ ಬಸವಣ್ಣೆಮ್ಮನ ಖಾನಾವಳಿ ಇದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ, ಅವುಗಳ ಜೊತೆ ಬಿಟ್ಟಿಯಾಗಿ ಅವಳ ಮಾತು. ರೊಟ್ಟಿ ಆರಿದೆ ಎಂದವರಿಗೆ, ನಿಮ್ಮ ಮನೆಯಾಕೆ ಬಿಸಿಬಿಸಿ ಹಾಕುತ್ತಿದ್ದರೆ ಇಲ್ಲಿಗೇಕೆ ಬರುತ್ತಿದ್ದಿರಿ ಎಂದು ಕೇಳಿಯೇ ಇನ್ನೊಂದು ಬಿಸಿ ರೊಟ್ಟಿ ಹಾಕುವಳು. ಗಂಡ ಅಮರಗುಂಡಪ್ಪ ಗಲ್ಲಾದ ಹಿಂದೆ ಕೂತು ತೂಕಡಿಸುತ್ತಾನೆ. ಹೆಂಡತಿಯ ದನಿ ನಿಂತರೆ ಮಾತ್ರ ಅವನಿಗೆ ಎಚ್ಚರವಾಗುತ್ತದೆ.

ಮಕ್ಕಳಾಗಲಿಲ್ಲ. ದಿನಾ ಇಷ್ಟು ಜನ ತಾಟು ಹಿಡಿದು ಅವ್ವಾ ಅವ್ವಾ ಅನ್ನುವಾಗ ಹೆತ್ತು ಬೇರೆ ಸಾಯಬೇಕೇ ಎಂದು ಅವಳೇ ನಗುತ್ತಿದ್ದಳು. ಆದರೆ ಯಾರದಾದರೂ ಮನೆಯಲ್ಲಿ ಹೆಸರಿಡುವ ದಿನ ಬಂತೆಂದರೆ ಅವಳಿಗೆ ಸಂಕಟ. ಗುಗ್ಗರಿ ಕುದಿಸಲು ಕರೆಯುವವರೇ, ತೊಟ್ಟಿಲ ಹತ್ತಿರ ಹೋದರೆ ಮೆಲ್ಲಗೆ ಮೊಳಕೈ ಹಿಡಿದು ಹಿಂದಕ್ಕೆ ಸರಿಸುತ್ತಿದ್ದರು. ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಗುಂಡುಕಲ್ಲಿಗೆ ಇರುವ ಮರ್ಯಾದೆ ತನಗಿಲ್ಲವಲ್ಲ ಎಂದು ಒಳಗೊಳಗೇ ಉರಿಯುತ್ತಿದ್ದಳು.

ಅದಕ್ಕೇ ಮಠದಲ್ಲಿ ಶ್ರಾವಣಕ್ಕೆ ಹತ್ತು ದಿನ ನಡೆಯುವ ಪುರಾಣದಲ್ಲಿ ತೊಟ್ಟಿಲ ದಿನದ ದಾಸೋಹವನ್ನು ಹಟ ಹಿಡಿದು ತನ್ನ ಹೆಸರಿಗೆ ಮಾಡಿಕೊಂಡಳು. ಮಠ ಕಟ್ಟಿದ ಅಜ್ಜನ ಕಥೆ ಅದು. ಕಥೆಯಲ್ಲಿ ಅಜ್ಜ ಹುಟ್ಟುವ ದಿನ ಅವರ ಬೆಳ್ಳಿಯ ಮೂರ್ತಿಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಅಂದು ಊರಿಗೆ ಊಟ ಹಾಕಿದ ಮನೆಯ ಹೆಣ್ಣುಮಗಳೇ ಮೊದಲು ತೂಗಬೇಕು. ಅವಳು ಹೆತ್ತವಳೇ ಆಗಿರಬೇಕು ಎಂದು ಯಾರೂ ಕಟ್ಟಲೆ ಮಾಡಿರಲಿಲ್ಲ. ಹೆರದವಳೊಬ್ಬಳು ಇಷ್ಟು ಧೈರ್ಯ ಮಾಡಿಯಾಳೆಂದು ಯಾರಿಗೆ ಗೊತ್ತಿತ್ತು?

ಪುರಾಣ ಹೇಳುವ ಮುದಗಲ್ಲಿನ ಪುರಾಣಿಕರನ್ನು ಈ ವರ್ಷ ಲಿಂಗಸುಗೂರಿನವರು ಮೊದಲೇ ಹಾರಿಸಿಕೊಂಡು ಹೋಗಿದ್ದರು. ಹೋದ ವರ್ಷ ಅವರು ಹೇಳಿದ್ದೆಲ್ಲ ಪೆನ್‌ಡ್ರೈವಿನಲ್ಲಿದೆ, ಅದೇ ಗಂಟಲು, ಅದೇ ಕೆಮ್ಮು, ಶಾಲು ಹೊದಿಸುವ ಖರ್ಚೂ ಇಲ್ಲ ಎಂದು ಮಠದ ಕಮಿಟಿಯ ಶಿವಕಾಂತ ದಾರಿ ತೋರಿದ. ಮೈಕ್ ಸೆಟ್ಟಿನ ಅಮೀನ್‌ಸಾಬ್ ಪೀಠದ ಮೇಲೆ ಹಾಡುವ ಡಬ್ಬಿ ತಂದಿಟ್ಟ. ಡಬ್ಬಿಗೆ ಹೂವಿನ ಹಾರ ಬಿತ್ತು, ಇಬ್ಬರು ಮುದುಕಿಯರು ಅದರ ಕಾಲಿಗೂ ಬಿದ್ದರು. ಮೊದಲ ದಿನದ ಕಥೆಯಲ್ಲಿ ಅಜ್ಜನ ತಂದೆ ತಾಯಿ ಹರಕೆ ಹೊತ್ತು ಊರೂರು ತಿರುಗಿದರು.

ಎರಡನೇ ದಿನ ತೊಟ್ಟಿಲು. ಬಸವಣ್ಣೆಮ್ಮ ಹಸಿರು ಸೀರೆ ಉಟ್ಟು, ಹೋಳಿಗೆಯ ಬುಟ್ಟಿಗಳನ್ನು ಪಡಸಾಲೆಯಲ್ಲಿ ಇಳಿಸಿ, ಕುಲಾವಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ಕೂತಳು. ಡಬ್ಬಿ ಕೆಮ್ಮಿತು. ಅಜ್ಜ ತೊಂಬತ್ತು ವರ್ಷ ಬಾಳಿ, ಶಿಷ್ಯರನ್ನು ಕರೆದು, ಕೊನೆಯ ಉಪದೇಶ ಮಾಡಿ, ಲಿಂಗೈಕ್ಯರಾಗಲು ಗವಿಯ ಕಡೆ ನಡೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಊರು ಕಂಡಿತ್ತು, ಸಮಾಧಿ ತೋಡುವುದನ್ನು ಕಂಡಿರಲಿಲ್ಲ. ಮುದುಕರು ಮಾತ್ರ ರೂಢಿಯಂತೆ ಕಣ್ಣೊರೆಸಿಕೊಂಡರು.

ಗೌಡಸಾನಿ ಗಿರಿಜಮ್ಮ ಹಿಂದೆಯೇ ಕೂತಿದ್ದಳು. ನಾಲ್ಕು ಗಂಡುಮಕ್ಕಳ ತಾಯಿ, ಹೋದ ವರ್ಷ ತೊಟ್ಟಿಲ ದಾಸೋಹ ಮಾಡಿದವಳು. ಎಂಥ ಕೈ ಮುಂದಾದರೆ ಏನಾಗುತ್ತದೆ ನೋಡು ಎಂದು ಪಕ್ಕದವಳ ಕಿವಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿದಳು. ಬಸವಣ್ಣೆಮ್ಮ ಬಾಯಿಗೆ ಬಂದದ್ದನ್ನು ಅಪರೂಪಕ್ಕೆ ನುಂಗಿಕೊಂಡು ಎದ್ದು ನೇರ ಡಬ್ಬಿಯ ಹತ್ತಿರ ಹೋದಳು.

ಅಮೀನ್‌ಸಾಬ್ ಬೆವರುತ್ತಿದ್ದ. ಶಿವಕಾಂತ ಮದುವೆಯ ಫೋಟೊ ಸಾಗಿಸಲು ಪೆನ್‌ಡ್ರೈವ್ ಒಯ್ದು ಖಾಲಿ ಮಾಡಿದ್ದನಂತೆ, ಆಮೇಲೆ ಪುರಾಣವನ್ನೆಲ್ಲ ಒಂದೇ ಏಟಿಗೆ ತಿರುಗಿ ತುಂಬಿದ್ದನಂತೆ. ದಿನಕ್ಕೊಂದು ಫೈಲು, ಒಂದರಿಂದ ಹತ್ತರವರೆಗೆ ಅಂಕಿ. ಅವನ ಕಂಪ್ಯೂಟರಿಗೆ ಒಂದರ ಹಿಂದೆ ಬರುವುದು ಹತ್ತು, ಅದೂ ಒಂದರಿಂದಲೇ ಶುರುವಾಗುತ್ತದಲ್ಲ; ಹಾಗೇ ಸಾಲು ಹಚ್ಚಿ ತುಂಬಿತು. ಈ ಡಬ್ಬಿಯೋ ಹೆಸರು, ಅಂಕಿ ಒಂದನ್ನೂ ನೋಡುವುದಿಲ್ಲ. ಯಾವುದು ಮೊದಲು ಒಳಗೆ ಬಂತೋ ಅದನ್ನೇ ಮೊದಲು ಹಾಡುತ್ತದೆ. ನಿನ್ನೆ ನಿಂತಲ್ಲಿಂದ ಇಂದು ಮುಂದಕ್ಕೆ ಹೋಗುತ್ತದೆ, ಕಿತ್ತು ಚುಚ್ಚಿದರೆ ಮತ್ತೆ ಮೊದಲಿನಿಂದ. ನಡುವೆ ಹಾರಿಸುವ ಗುಂಡಿ ಕೆಟ್ಟು ವರ್ಷವಾಗಿತ್ತು.

ಬಸವಣ್ಣೆಮ್ಮನಿಗೆ ಇದು ಥಟ್ಟನೆ ತಿಳಿಯಿತು. ಅವಳ ಖಾನಾವಳಿಯಲ್ಲೂ ಸಾಹುಕಾರನೋ ಹಮಾಲನೋ ಎಂದು ಕೇಳುವುದಿಲ್ಲ, ಮೊದಲು ಕೂತವನಿಗೆ ಮೊದಲು ತಾಟು.

"ಹಂಗಾರ ಎಲ್ಲಾರ್ನೂ ಎಬ್ಬಿಸಿ ಹೊರಗ ಹಾಕು," ಎಂದಳು. "ಆಮ್ಯಾಲೆ ಒಬ್ಬೊಬ್ಬರನ್ನ ಒಳಗ ಬಿಡು. ಹುಟ್ಟೋದನ್ನ ಮೊದಲು ಕೂಡಸು."

"ಒಂದನೇದ್ದೇನ್ ಮಾಡ್ಲಿ ಅವ್ವಾ?" ಎಂದ ಅಮೀನ್‌ಸಾಬ್.

"ಅಂವ ನಿನ್ನೇನ ಉಂಡು ಹೋಗ್ಯಾನ."

ಅಮೀನ್‌ಸಾಬ್ ತನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ಪುರಾಣವನ್ನೆಲ್ಲ ಅದರಲ್ಲಿ ಇಳಿಸಿಕೊಂಡ. ಪೆನ್‌ಡ್ರೈವ್ ಬರಿದು ಮಾಡಿ ಎರಡನೆಯದನ್ನು ಮೊದಲು ತುಂಬಿದ, ಅದು ಪೂರ್ತಿ ಕೂತ ಮೇಲೆ ಮೂರನೆಯದನ್ನು, ಹೀಗೆ ಒಂದೊಂದಾಗಿ. ಅಷ್ಟರಲ್ಲಿ ಜನ ಎದ್ದು ಹೋಗುವ ಲಕ್ಷಣ ಕಂಡಿತು. ಬಸವಣ್ಣೆಮ್ಮ ತಡಮಾಡದೆ ಪಂಕ್ತಿ ಹಾಕಿಸಿ ಊಟ ಬಡಿಸಿಬಿಟ್ಟಳು. ಹೋಳಿಗೆಯ ಮೇಲೆ ತುಪ್ಪ ಬಿದ್ದ ಮೇಲೆ ಅಪಶಕುನದ ಮಾತಾಡಲು ಯಾರ ಬಾಯಿಯೂ ಖಾಲಿ ಇರಲಿಲ್ಲ.

ಉಂಡು ಬಂದು ಕೂತರು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅಜ್ಜನ ತಾಯಿಗೆ ಬೇನೆ ಶುರುವಾಯಿತು, ಪುರಾಣಿಕರು ನಾಲ್ಕು ಸಲ ಕೆಮ್ಮುವುದರೊಳಗೆ ಹೆರಿಗೆಯೂ ಆಯಿತು. ಬಸವಣ್ಣೆಮ್ಮ ಮೂರ್ತಿಗೆ ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಹಗ್ಗಕ್ಕೆ ಕೈ ಹಾಕಿದಳು. ಆಗ ಡಬ್ಬಿಯೊಳಗಿನ ಪುರಾಣಿಕರು ಗಂಭೀರವಾಗಿ, ಇಂದಿನ ದಾಸೋಹಿಗಳಾದ ಗೌಡಸಾನಿ ಗಿರಿಜಮ್ಮನವರು ಬಂದು ಮೊದಲು ತೂಗಬೇಕು ಎಂದು ಕರೆದರು.

ಹೋದ ವರ್ಷದ ಕರೆ ಅದು. ಆದರೂ ಗಿರಿಜಮ್ಮ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಪೀಠದಿಂದ ಬಂದ ಮಾತನ್ನು ಮೀರಬಾರದು ಎಂದಳು. ಕಮಿಟಿಯವರು ನೆಲ ನೋಡಿದರು, ಶಿವಕಾಂತ ತನ್ನ ಫೋನ್ ನೋಡಿದ. ಗಿರಿಜಮ್ಮ ಮುಂದೆ ಬಂದು ಬಸವಣ್ಣೆಮ್ಮನ ಮೊಳಕೈ ಹಿಡಿದಳು, ಇಷ್ಟು ವರ್ಷ ಎಲ್ಲರೂ ಹಿಡಿದ ಹಾಗೆಯೇ, ಮೆಲ್ಲಗೆ.

ಈ ಸಲ ಬಸವಣ್ಣೆಮ್ಮ ಸರಿಯಲಿಲ್ಲ.

"ಗೌಡಸಾನಿ, ನೀವು ತೂಗಿದ್ದು ಹೋದ ವರ್ಷದ ಕೂಸು ರೀ," ಎಂದಳು. "ಅದು ಈಗ ಎದ್ದು ಓಡ್ಯಾಡಾಕತ್ತೈತಿ, ಹೋಗಿ ಹುಡುಕ್ಕೋರಿ. ಇದು ನಂದು."

ಮೊದಲು ನಕ್ಕವನು ಪಡಸಾಲೆಯ ಕಂಬಕ್ಕೆ ಒರಗಿದ್ದ ಅಮರಗುಂಡಪ್ಪ. ಹೆಂಡತಿ ಪುರಾಣ ಕೇಳುತ್ತಾ ಬಹಳ ಹೊತ್ತು ಸುಮ್ಮನಿದ್ದುದರಿಂದ ಅವನಿಗೆ ಎಚ್ಚರವಾಗಿತ್ತು. ಅವನ ಹಿಂದೆ ಉಂಡ ಊರೆಲ್ಲ ನಕ್ಕಿತು. ಗಿರಿಜಮ್ಮನ ಕೈ ಸಡಿಲಾಯಿತು.

ಬಸವಣ್ಣೆಮ್ಮ ತೂಗಿದಳು. ಅವಳಿಗೆ ಹಾಡಲು ಬರುವುದಿಲ್ಲ, ಆದರೂ ಜೋಗುಳ ಹಾಡಿದಳು. ಜಗಳಕ್ಕೆಂದೇ ಇಟ್ಟುಕೊಂಡ ಗಂಟಲಿನಲ್ಲಿ ಗೊತ್ತಿದ್ದ ಎರಡೇ ಸಾಲನ್ನು ತಿರುತಿರುಗಿ ಹೇಳಿದಳು, ಅವಳಿಗೆ ತಡೆಯಲಾಗದಷ್ಟು ಖುಷಿಯಾಗಿತ್ತು. ಅಷ್ಟರಲ್ಲಿ ಎರಡನೆಯದು ಮುಗಿದು ಡಬ್ಬಿ ತಾನಾಗಿಯೇ ಮೂರನೆಯದಕ್ಕೆ ಹೋಯಿತು. ಎಂಟು ವರ್ಷ ತುಂಬಿದ ಬಾಲಕ ಜೋಳಿಗೆ ಹಿಡಿದು, ತಾಯಿಗೆ ನಮಸ್ಕರಿಸಿ ಮನೆ ಬಿಟ್ಟು ಹೊರಟ.

ಬಸವಣ್ಣೆಮ್ಮ ಹಗ್ಗ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

"ಅಮೀನ್‌ಸಾಬ್, ಕಿತ್ತು ಮತ್ತ ಚುಚ್ಚಪ್ಪಾ."

ಅಮೀನ್‌ಸಾಬ್ ಕಿತ್ತು ಚುಚ್ಚಿದ. ಹೊರಟ ಹುಡುಗ ಹೊಸ್ತಿಲಲ್ಲೇ ನಿಂತ, ಅಜ್ಜನ ತಾಯಿಗೆ ಮತ್ತೆ ಮೊದಲಿನಿಂದ ಬೇನೆ ಶುರುವಾಯಿತು, ಬಸವಣ್ಣೆಮ್ಮ ತೂಗುತ್ತಲೇ ಇದ್ದಳು.