ತನ್ನದೇ ಮೊಟ್ಟೆ ಎಸೆದ ಹಕ್ಕಿ

ಅಕ್ಕನದು ಬೆಕ್ಕಿನ ಕಣ್ಣು. ಬಿಸಿಲಿಗೆ ನಿಂತರೆ ತೆಳು ಚಹಾದ ಬಣ್ಣ, ನೆರಳಿಗೆ ಬಂದರೆ ಹಸಿರು. ಅಮ್ಮನ ಹೆಣದ ಮುಂದೆ ಆ ಕಣ್ಣು ನನ್ನ ಮುಖವನ್ನೇ ನೋಡುತ್ತಿದ್ದಾಗ ‘ಇವಳು ನಮ್ಮವಳು’ ಎಂದು ಹೇಳಬೇಕಾದವಳು ನಾನು. ಹೇಳಲಿಲ್ಲ. ಈಗ ಅಕ್ಕನೂ ಇಲ್ಲ. ನಾನು ಐದನೆಯವರೆಗೆ ಓದಿದವಳು, ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬೇರೆಯವರಿಂದ ಬರೆಸುವ ಹಾಗೂ ಇಲ್ಲ.

ಅವಳು ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಅಮ್ಮನಿಗೆ ಬಹಳ ಕಾಲ ಮಕ್ಕಳಾಗಿರಲಿಲ್ಲ. ಬ್ರಹ್ಮಾವರದ ನೆಂಟರ ಮನೆಗೆ ಹೋದಾಗ ಪಕ್ಕದ ಮನೆಯ ಬಾಣಂತಿ ತೀರಿಕೊಂಡಿದ್ದಳಂತೆ. ಆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅಮ್ಮ ಮರವಂತೆಗೆ ಬಂದಳು. ಮಕ್ಕಳಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆಯಲ್ಲಿ ಹನಿ ಹನಿ ಕುಡಿಸಿ ಉಳಿಸಿಕೊಂಡಳು. ನಾನು ಹುಟ್ಟಿದ್ದು ಆಮೇಲೆ.

ಅಮ್ಮ, ನಮ್ಮ ಬಾಯಲ್ಲಿ ‘ಅಬ್ಬಿ’, ಮೀನಿನ ಬುಟ್ಟಿ ಹೊತ್ತು ಮಾರುತ್ತಿದ್ದಳು. ಜೊತೆಗೆ ಅಕ್ಕ. ದಾರಿಯಲ್ಲಿ ಯಾರಾದರೂ ಕೆಣಕುವರು: “ಹ್ವಾಯ್, ನಿಮ್ಮ್ ದೊಡ್ಡದ್ಕೆ ಆ ಕಣ್ಣ್ ಎಲ್ಲಿಂದ ತಂದದ್ದ್?”

“ಅಂಗ್ಡಿಂದ ತಂದದ್ದ್. ನಿಂಗೂ ಒಂದ್ ಜೊತಿ ಬೇಕಾ?” ಎನ್ನುತ್ತಿದ್ದಳು ಅಮ್ಮ.

ಅಕ್ಕನೂ ನಗುತ್ತಿದ್ದಳು. ಮೀನು ಕೊಯ್ಯುವಾಗ ಮೊದಲ ತಲೆಯನ್ನು ಬೆಕ್ಕಿಗೆ ಎಸೆದು “ನೆಂಟ್ರಿಗೆ ಮೊದ್ಲ್ ಬಡ್ಸುವ” ಎನ್ನುವುದು ಅವಳ ರೂಢಿ. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನೆಂಟರು ಯಾರು, ಮನೆಯವರು ಯಾರು ಎನ್ನುವುದನ್ನು ನಾನು ಸಣ್ಣವಳಿದ್ದಾಗಲೇ ಲೆಕ್ಕ ಹಾಕುತ್ತಿದ್ದೆ.

ಹಿತ್ತಿಲಿನ ಬದನೆ ಗಿಡದಲ್ಲಿ ಒಂದು ಪುಟ್ಟ ಹಕ್ಕಿ ಎಲೆ ಹೊಲಿದು ಗೂಡು ಕಟ್ಟುತ್ತಿತ್ತು. ಅಕ್ಕ ಆ ಗಿಡಕ್ಕೆ ಬುಡದಲ್ಲೇ ಮೆಲ್ಲಗೆ ನೀರು ಬಿಡುವಳು. ಅದರ ಕಾಯಿ ಕೊಯ್ಯಲು ಬಿಡುತ್ತಿರಲಿಲ್ಲ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುವುದು ಎಲ್ಲರಿಗೂ ಗೊತ್ತು. ಈ ಪುಟ್ಟ ಹಕ್ಕಿಗೂ ಅಂಥದೇ ಕಾಟ ಕೊಡುವ ಇನ್ನೊಂದು ಹಕ್ಕಿ ಇದೆ ಎಂದು, “ಬಾ ಹೆಣೆ” ಎಂದು ನನ್ನನ್ನು ಕರೆದು ತೋರಿಸಿದವಳು ಅವಳು.

ಒಂದು ಮಳೆಗಾಲ ಗೂಡಿನಲ್ಲಿ ಚುಕ್ಕಿ ಬೇರೆಯಾಗಿದ್ದ ಒಂದು ಮೊಟ್ಟೆ ಕಂಡಿತು. ಹಕ್ಕಿ ಬಂತು. ಗೂಡಿನ ಬಾಯಲ್ಲಿ ಕೂತು ತಲೆ ಓರೆ ಮಾಡಿ ನೋಡಿತು. ಆಮೇಲೆ ಆ ಮೊಟ್ಟೆಯನ್ನು ಕೊಕ್ಕಿನಿಂದ ಕುಕ್ಕಿ ತೂತು ಮಾಡಿ, ಎಳೆದು ಹೊರಗೆ ಹಾಕಿತು. ನಾನು ಅಕ್ಕನ ಕಣ್ಣನ್ನೇ ನೋಡುತ್ತ, “ಕಾಣ್, ಯಾರ್ ಮನಿಯವ್ರ್, ಯಾರ್ ಹೊರ್ಗಿನವ್ರ್ ಅಂದೇಳಿ ಹಕ್ಕಿಗೂ ಗೊತ್ತಾತ್ತ್” ಎಂದೆ.

ಅಕ್ಕ ಆ ದಿನ ನಗಲಿಲ್ಲ. “ಹೌದ್ ಮಾರಾಯ್ತಿ” ಎಂದು ಒಳಗೆ ಹೋದಳು.

ಮರುವರ್ಷ ಅದೇ ಗಿಡ, ಅದೇ ಥರದ ಹಕ್ಕಿ. ಈ ಸಲ ಚುಕ್ಕಿ ಸ್ವಲ್ಪ ಮಾಸಿದ್ದ ಮೊಟ್ಟೆಯೊಂದನ್ನು ಎಳೆದು ಎಸೆಯಿತು. ನಾನು ಖುಷಿಪಟ್ಟೆ. ಆದರೆ ಕೆಲವು ದಿನಕ್ಕೆ ಗೂಡಿನಲ್ಲಿ ಉಳಿದಿದ್ದು ಒಂದೇ ಮರಿ, ತಾಯಿಗಿಂತ ದೊಡ್ಡದು. ಮಿಕ್ಕ ಮೊಟ್ಟೆಗಳನ್ನು ಅದು ನೂಕಿ ಕೆಳಗೆ ಬೀಳಿಸಿತ್ತು. ಕಳ್ಳಮೊಟ್ಟೆ ತನ್ನದರ ಹಾಗೇ ಇದ್ದುದರಿಂದ ಹಕ್ಕಿಗೆ ತಿಳಿದಿರಲಿಲ್ಲ. ಎಸೆದದ್ದು ತನ್ನದನ್ನು.

“ಚುಕ್ಕಿ ಕಂಡ್ ಕಂಡ್ ತನ್ನದ್ನೇ ಬಿಸಾಕ್ತಲೆ ಹೆಣೆ” ಎಂದಳು ಅಕ್ಕ. ಒಡೆದ ಚಿಪ್ಪನ್ನು ಹೆಕ್ಕಿ ಗಿಡದ ಬುಡದಲ್ಲಿ ಮುಚ್ಚಿದಳು. ನನಗೆ ಅರ್ಥವಾಗಲಿಲ್ಲ.

ಅವಳು ಮದುವೆಯಾಗಿ ಬಿಜೂರಿಗೆ ಹೋದಳು. ಮನೆ ನನ್ನ ಪಾಲಿಗೆ ಉಳಿಯಿತು. ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ತನ್ನ ಗದ್ದೆ ಕೆಲಸ ಬಿಟ್ಟು ಬಂದು ಕೂತಳು. ಲೋಟದಲ್ಲಿ ಕೊಟ್ಟರೆ ಅಮ್ಮ ಕುಡಿಯಲೊಲ್ಲಳು; ಅಕ್ಕ ಅಟ್ಟದಿಂದ ಆ ಹಳೆಯ ಒಳಲೆ ಇಳಿಸಿ, ಹುಣಸೆಹುಳಿ ಹಾಕಿ ಬೆಳಗಿ, ಅದರಲ್ಲಿ ಗಂಜಿತಿಳಿ ಕುಡಿಸಿದಳು. ನಾನು ಹಿಡಿದರೆ ಅಮ್ಮ ಬಾಯಿ ಮುಚ್ಚುವಳು. “ದೊಡ್ಡದ್ ಎಲ್ಲಿತ್ತ್?” ಎಂದು ಕೇಳುವಳು. ಆ ಮಾತು ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಅಮ್ಮ ಹೋದ ದಿನ ಅಂಗಳ ತುಂಬ ಜನ. ನಮ್ಮಲ್ಲಿ ಹೆಣದ ಬಾಯಿಗೆ ಮೊದಲು ನೀರು ಬಿಡುವವರು ಮನೆಯ ಹೆಣ್ಣುಮಕ್ಕಳು. ಅಕ್ಕ ಒಳಲೆಯಲ್ಲಿ ತುಳಸಿ ನೀರು ಹಿಡಿದು ನನಗಿಂತ ಮುಂದೆ ನಿಂತಿದ್ದಳು. ಅಮ್ಮನ ಅಣ್ಣ, ನಮ್ಮ ಮಾವ, ಕೈ ಅಡ್ಡ ಹಿಡಿದರು.

“ಮನಿ ಹೆಣ್ಮಕ್ಳ್ ಮೊದ್ಲ್” ಎಂದು, ನನ್ನ ಕಡೆ ತಿರುಗಿದರು. “ಇದ್ನ ಮುಂದ್ ಬಿಡೂದಾ? ನೀನೇ ಹೇಳ್.”

ಹೂಂ ಎಂದಿದ್ದರೆ ಸಾಕಿತ್ತು. ನಾನು ನೆಲ ನೋಡಿದೆ. “ನೀವ್ ಹಿರಿಯರ್. ನಿಮ್ಗೆ ಗೊತ್ತಿಲ್ದೇ ಇಪ್ದಾ?” ಎಂದೆ.

ಅಕ್ಕ ಹಿತ್ತಿಲಿಗೆ ಹೋಗಿ ಆ ನೀರನ್ನು ಬದನೆ ಗಿಡದ ಬುಡಕ್ಕೆ ಬಿಟ್ಟು, ಒಳಲೆಯನ್ನು ತೊಳೆದು ಅಡುಗೆಮನೆಯಲ್ಲಿ ಕವುಚಿ ಇಟ್ಟು, ಬಸ್ಸು ಹತ್ತಿದಳು.

ಮತ್ತೆ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದಳು, ನನ್ನ ಮಕ್ಕಳಿಗೆ ಬಿಜೂರಿನ ಅವಲಕ್ಕಿ ತರುತ್ತಿದ್ದಳು. ಅಂಗಳದಲ್ಲೇ ನಿಂತು ಮಾತಾಡಿ ಹೊರಡುವಳು. ನಾನು ಚೊಂಬು ಹಿಡಿದು ಬಂದರೆ, “ನೀರ್ ಬ್ಯಾಡ ಹೆಣೆ, ಕುಡ್ಕಂಡೇ ಬಂದಿದ್ದೆ.” ಎಷ್ಟು ಸುಡುಬಿಸಿಲಿರಲಿ, ಅದೇ ಮಾತು. ನಮ್ಮ ಮನೆಯ ಒಂದು ಹನಿ ನೀರು ಅವಳ ಬಾಯಿಗೆ ಹೋಗಲಿಲ್ಲ. ಅವಳನ್ನು ಹೊರಗಿನವಳು ಎಂದವಳು ನಾನು; ಆಮೇಲೆ ಬಂದು, ಗೂಡು ತುಂಬ ಬೆಳೆದು, ಮೊದಲೇ ಇದ್ದವಳನ್ನು ನೂಕಿದವಳೂ ನಾನೇ. ಅದು ತಿಳಿಯುವಷ್ಟರಲ್ಲಿ ನನ್ನ ತಲೆ ನೆರೆತಿತ್ತು.

ಕಳೆದ ತಿಂಗಳು ಅವಳ ಮಗ ಫೋನು ಮಾಡಿದ. “ಚಿಕ್ಕಮ್ಮ, ಅಬ್ಬಿಗೆ ಸೀಕ್ ಜೋರಿತ್ತ್. ಕಾಂಬುದಾರೆ ಬೇಗ ಬನ್ನಿ.” ನಾನು ಒಳಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಿಜೂರಿಗೆ ಹೋದೆ.

ಜಗಲಿಯಲ್ಲಿ ಮಲಗಿಸಿದ್ದರು. ಮಾತು ನಿಂತಿತ್ತು, ಕಣ್ಣು ಇತ್ತು. ಸುತ್ತ ಅವಳ ಗಂಡನ ಮನೆಯವರು. ನಮ್ಮ ಮಾವನೂ ಕೋಲು ಹಿಡಿದು ಬಂದು ಕೂತಿದ್ದರು. ನಾನು ಒಳಲೆಯಲ್ಲಿ ನೀರು ತುಂಬಿ ಅವಳ ತುಟಿಗೆ ಹಿಡಿದೆ. ಅಕ್ಕ ನನ್ನನ್ನು ನೋಡಿದಳು. ತುಟಿ ತೆರೆಯಲಿಲ್ಲ. ನೀರು ಗಲ್ಲದ ಮೇಲೆ ಇಳಿದು ದಿಂಬಿಗೆ ಹೋಯಿತು. ನುಂಗಲು ಆಗಲಿಲ್ಲವೋ, ಬೇಡವೆಂದಳೋ, ನನಗೆ ಗೊತ್ತಿಲ್ಲ. ಆ ಸಂಜೆಯೇ ಅವಳು ಹೋದಳು.

ಆದರೆ ಅವಳ ಕಣ್ಣು ತೆರೆದಿದ್ದಾಗಲೇ, ಮಾವನಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದೆ:

“ಅಕ್ಕಾ, ಅಬ್ಬಿ ಬಾಯಿಗೆ ಮೊದ್ಲ್ ನೀರ್ ಬಿಡ್ಕಾದವ್ಳ್ ನೀನ್. ನೀನೇ ದೊಡ್ಡ್ ಮಗ್ಳ್. ಅವತ್ತ್ ನಾ ಹೇಳ್ಕಿತ್ತ್, ಹೇಳ್ಲಿಲ್ಲೆ. ನಂದ್ ತಪ್ಪಾಯ್ತ್.”